ತಂಗುದಾಣದ ಬಾಗಿಲು ತೆರೆದಿದೆಯೇ, ನೋಡಿ ಬನ್ನಿ

ಬೆಂಗಳೂರಿನ ಓದುಗರೆ,

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸ ಅರಸಿ ಬರುವ ಎಷ್ಟೋ ಮಂದಿ ಮೊದಲ ರಾತ್ರಿಯನ್ನು ಮೆಜೆಸ್ಟಿಕ್ಕಿನ ಫುಟ್‌ಪಾತ್ ಮೇಲೆ ಕಳೆಯುತ್ತಾರೆ. ಲಕ್ಷ ಜನಸಂಖ್ಯೆಗೆ ಒಂದರಂತೆ ಮನೆಯಿಲ್ಲದವರಿಗಾಗಿ ವರ್ಷವಿಡೀ ತೆರೆದಿರುವ ತಂಗುದಾಣ ನಗರಗಳಲ್ಲಿ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಇರಬೇಕಾದಷ್ಟು ಇಲ್ಲ, ನಿಜ. ಇರುವವೂ ಹೀಗೆ ಬಂದವರಿಗೆ ಗೊತ್ತಿಲ್ಲ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಎಲ್ಲಿದೆ, ಊರಿನ ಪಡಿತರ ಚೀಟಿಯ ಅಕ್ಕಿಯನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳೊತ್ತಿ ಪಡೆಯಬಹುದೇ, ಇದನ್ನೂ ಹೇಳುವವರಿಲ್ಲ.

ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯನ್ನು ಹಚ್ಚಬಹುದು. ಹರಿಯಾಣದ ಬಿವಾನ್ ಗ್ರಾಮದಲ್ಲಿ 2023ರಲ್ಲಿ ‘ಜುಗಲ್‌ಬಂದಿ’ ಎಂಬ ಚಾಟ್‌ಬಾಟ್ ಸರ್ಕಾರಿ ಯೋಜನೆಗಳ ಬಗ್ಗೆ ಜನರ ಮಾತಿನಲ್ಲೇ ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಉತ್ತರಿಸಿತು. ನಮಗೆ ಬೇಕಾದ ಚಾಟ್‌ಬಾಟ್ ಇನ್ನೂ ಒಂದು ಹೆಜ್ಜೆ ಕೆಳಗಿಳಿಯಬೇಕು: ಗುಂಡಿಯ ಫೋನಿನಿಂದ ಕರೆ ಮಾಡಿ, “ಮೂರು ಮಂದಿ ಇದ್ದೀವ್ರಿ, ಸಣ್ಣ ಕೂಸದ, ಮಲಗಲಾಕ ಜಾಗ ಎಲ್ಲಿ ಸಿಗ್ತದ?” ಎಂದರೂ ಅದಕ್ಕೆ ತಿಳಿಯಬೇಕು. ಬೆಂಗಳೂರಿನ ಪುಸ್ತಕದ ಕನ್ನಡ ಮಾತ್ರ ಬಲ್ಲ ಯಂತ್ರ ಯಾರಿಗೆ ಬೇಕು?

ಆದರೆ ಯಂತ್ರಕ್ಕೆ ಗೊತ್ತಿರುವುದು ನಾವು ಕೊಟ್ಟ ಪಟ್ಟಿಯಷ್ಟೇ. ಪಟ್ಟಿ ಹಳೆಯದಾಗಿದ್ದರೆ ಅದು ಸೊಗಸಾದ ಕನ್ನಡದಲ್ಲಿ ತಪ್ಪು ಹೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಮಗುವನ್ನು ಎತ್ತಿಕೊಂಡು ನಡೆದವಳ ಎದುರು ಬೀಗ ಹಾಕಿದ ಬಾಗಿಲು, ಇಲ್ಲವೇ ಗಂಡಸರಿಗೆ ಮಾತ್ರ ಎಂಬ ಬೋರ್ಡು. ಅದಕ್ಕಿಂತ ‘ನನಗೆ ಗೊತ್ತಿಲ್ಲ’ ಎಂದು ಒಬ್ಬ ಮನುಷ್ಯನಿಗೆ ಕರೆ ದಾಟಿಸುವುದೇ ಮೇಲು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲಂತೂ ಯಾವ ತಂಗುದಾಣ ಯಾರ ಲೆಕ್ಕಕ್ಕೆ ಸೇರಿತೆಂದು ಇಲ್ಲೇ ಹುಟ್ಟಿ ಬೆಳೆದವರೂ ತಡಕಾಡುತ್ತಿದ್ದೇವೆ.

ಆದ್ದರಿಂದ ಕೇಳುತ್ತಿದ್ದೇನೆ: ನಿಮ್ಮ ಬಡಾವಣೆಗೆ ಹತ್ತಿರದ ತಂಗುದಾಣಕ್ಕೆ ಒಂದು ಸಂಜೆ ಹೋಗಿ ಬನ್ನಿ. ತೆರೆದಿದೆಯೇ, ಹೆಂಗಸರಿಗೆ, ಸಂಸಾರವಂದಿಗರಿಗೆ ಜಾಗವಿದೆಯೇ, ನೀರಿದೆಯೇ, ಬೀಗದ ಕೈ ಯಾರ ಬಳಿ? ಅಲ್ಲಿಯ ಮೇಲ್ವಿಚಾರಕರನ್ನು ವಿಚಾರಿಸಿ. ಮಲಗಿದವರ ಫೋಟೊ ತೆಗೆಯಬೇಡಿ. ಕಂಡದ್ದನ್ನು ನಿಮ್ಮ ಪಾಲಿಕೆಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಪ್ರತಿ ಸಂಜೆ ಎಷ್ಟು ಹಾಸಿಗೆ ಖಾಲಿ ಎಂಬುದನ್ನು ಪಾಲಿಕೆಯೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ ಎಂದು ಅದೇ ಅರ್ಜಿಯಲ್ಲಿ ಒತ್ತಾಯಿಸಿ. ಇನ್ನೊಂದು ಸಾಲು ಮರೆಯದೆ ಸೇರಿಸಿ: ತಂಗುದಾಣದ ವಿಳಾಸ ಕೇಳಿದವರ ಬಳಿ ಮೊದಲು ಆಧಾರ್ ನಂಬರು ಕೇಳಕೂಡದು.