ಗಣಕಯಂತ್ರದ ನೆನಪಿನ ನಡೆ

ಹೋದ ತಿಂಗಳು ಒಂದು ಸಂಜೆ, ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ಮನೆಯ ಜಗಲಿಗೆ ನೆರೆಮನೆಯ ಗೃಹಸ್ಥರು ಬಹಳ ಕೋಪದಿಂದ ಬಂದರು. ಅವರ ಕೈಯಲ್ಲಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಿದ್ದಿತು. “ನಿಮ್ಮ ಶಿಷ್ಯನು ನಮಗೆ ಮೋಸಮಾಡಿದನಲ್ಲ, ಮೇಷ್ಟರೇ!” ಎಂದು ಕುಳಿತುಕೊಳ್ಳುವುದಕ್ಕೆ ಮೊದಲೇ ನುಡಿದರು. ಪೆಟ್ಟಿಗೆಯ ಮೇಲೆ ೩೨೦೦ ಎಂಬ ಸಂಖ್ಯೆ ದಪ್ಪವಾಗಿ ಅಚ್ಚಾಗಿದ್ದಿತು. ಹೊಸದಾಗಿ ಕೊಂಡ ಗಣಕಯಂತ್ರವಾದರೋ ತನ್ನ ನೆನಪಿನ ವೇಗವು ೨೧೩೩ ಎಂದು ತೋರಿಸುತ್ತಿದೆಯೆಂದೂ, ಸಿ.ಪಿ.ಯು.-ಜ಼ೆಡ್ ಎಂಬ ಮತ್ತೊಂದು ತಂತ್ರಾಂಶದಲ್ಲಿ ನೋಡಿದರೆ ೧೦೬೬ಕ್ಕೆ ಇಳಿದಿದೆಯೆಂದೂ ಅವರು ಹೇಳಿದರು. “ಮೂರರಲ್ಲಿ ಒಂದು ಪಾಲಿನ ಸರಕನ್ನು ಕೊಟ್ಟು ಪೂರ್ತಿ ಹಣವನ್ನು ತೆಗೆದುಕೊಂಡಿದ್ದಾನೆ. ನಾಳೆ ಅವನ ಯಜಮಾನನಿಗೆ ದೂರು ಹೇಳುತ್ತೇನೆ” ಎಂಬುದು ಅವರ ನಿಶ್ಚಯ.

ಆ ಮನೆಯ ಮಗಳು ಮದುವೆ ಮುಂಜಿಗಳ ಚಿತ್ರಗಳನ್ನು ಮನೆಯಲ್ಲಿಯೇ ಕತ್ತರಿಸಿ ಜೋಡಿಸಿಕೊಟ್ಟು, ಆ ಸಂಪಾದನೆಯಿಂದ ತನ್ನ ಓದಿನ ಖರ್ಚನ್ನು ತಾನೇ ನಡೆಸುತ್ತಿರುವಳು. ಆ ಯಂತ್ರವನ್ನು ಕೊಂಡದ್ದು ಅದಕ್ಕಾಗಿಯೇ. ಅದನ್ನು ಜೋಡಿಸಿಕೊಟ್ಟವನು ಹಿಂದೆ ನನ್ನ ತರಗತಿಯಲ್ಲಿ ಓದಿದ ಹುಡುಗ, ಈಗ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ನನ್ನ ಮಾತಿನ ಮೇಲೆಯೇ ಅವರು ಅವನಲ್ಲಿಗೆ ಹೋಗಿದ್ದರು. ಒಂದು ದಿನದ ಅವಕಾಶ ಕೊಡಿರೆಂದು ನಾನು ಬೇಡಿಕೊಂಡೆನು. ನಿಜವನ್ನು ಹೇಳುವುದಾದರೆ, ಆ ರಾತ್ರಿ ನನಗೂ ನಿದ್ರೆ ಬರಲಿಲ್ಲ. ಹುಡುಗನು ಕೆಟ್ಟನೋ ಎಂಬ ಸಂಶಯವು ನನ್ನ ಮನಸ್ಸಿನಲ್ಲಿಯೂ ಹೊಕ್ಕಿದ್ದಿತು.

ಮರುದಿನ ತಿಳಿದುಬಂದ ಸಂಗತಿಯು ಇನ್ನೂ ಅನೇಕ ಮನೆಗಳಿಗೆ ಉಪಯೋಗವಾಗಬಹುದೆಂದು ತೋರಿ ಇಲ್ಲಿ ಬರೆಯುತ್ತೇನೆ.

ಗಣಕಯಂತ್ರದಲ್ಲಿ ನೆನಪೆಂಬುದು ಎರಡು ಬಗೆ. ವಿದ್ಯುತ್ತು ಹೋದರೂ ಇಟ್ಟದ್ದನ್ನು ಕಾಪಾಡುವ ಉಗ್ರಾಣ ಒಂದು. ಕೆಲಸ ನಡೆಯುತ್ತಿರುವಷ್ಟು ಹೊತ್ತು ಬೇಕಾದ ಪದಾರ್ಥಗಳನ್ನು ಕೈಗೆಟುಕುವಂತೆ ಹರವಿಕೊಳ್ಳುವ ಒಲೆಯ ಪಕ್ಕದ ಜಗಲಿಕಟ್ಟೆ ಮತ್ತೊಂದು. ಈ ಎರಡನೆಯದಕ್ಕೆ ರ‍್ಯಾಮ್ ಎಂದು ಹೆಸರು. ಅಡಿಗೆಯವನು ಎಷ್ಟೇ ಚುರುಕಾಗಿದ್ದರೂ ಕಟ್ಟೆಯಿಂದ ಸಾಮಾನು ಕೈಗೆ ಬರುವುದು ತಡವಾದರೆ ಅಡಿಗೆಯೂ ತಡವಾಗುವುದು. ಚಿತ್ರಗಳಿಗೆಂದೇ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಚಿತ್ರದ ಕೆಲಸವೂ ಇದೇ ಕಟ್ಟೆಯ ಮೇಲೆ ನಡೆಯಬೇಕಾದುದರಿಂದ, ಅಲ್ಲಿ ಈ ವೇಗಕ್ಕೆ ಬೆಲೆ ಹೆಚ್ಚು. ನೆರೆಮನೆಯ ಯಂತ್ರವು ಅಂಥದೇ. ಕಾರ್ಡಿನ ಬೆಲೆಗೆ ಅಂಜಿ, ಚಿತ್ರಶಕ್ತಿಯನ್ನು ತನ್ನೊಳಗೇ ಉಳ್ಳ ರೈಜನ್ ೫೬೦೦ಜಿ ಎಂಬ ಪ್ರೊಸೆಸರನ್ನು ಅವರು ಕೊಂಡಿದ್ದರು.

ಇನ್ನು ಆ ಮೂರು ಸಂಖ್ಯೆಗಳ ವಿಚಾರ. ಈಗ ಬಳಕೆಯಲ್ಲಿರುವ ಪಟ್ಟಿಗಳೆಲ್ಲ ಡಿ.ಡಿ.ಆರ್. ಜಾತಿಯವು. ತಾಳ ಹಾಕುವ ಕೈಯನ್ನು ವಾಚಕರು ನೋಡಿರುವರಷ್ಟೆ. ಕೈ ಕೆಳಗೆ ಬೀಳುವಾಗ ಒಂದಕ್ಷರ, ಮೇಲಕ್ಕೇಳುವಾಗ ಇನ್ನೊಂದಕ್ಷರ ಹಾಡಿದರೆ, ಪೆಟ್ಟುಗಳನ್ನು ಎಣಿಸಿದವನಿಗೆ ಸಿಕ್ಕುವ ಲೆಕ್ಕಕ್ಕಿಂತ ಅಕ್ಷರಗಳನ್ನು ಎಣಿಸಿದವನಿಗೆ ಸಿಕ್ಕುವ ಲೆಕ್ಕ ಎರಡರಷ್ಟಾಗುವುದು. ಈ ನೆನಪಿನ ಪಟ್ಟಿಗಳಲ್ಲಿಯೂ ಗಡಿಯಾರದ ಪ್ರತಿಯೊಂದು ಮಿಡಿತದ ಏರಿನಲ್ಲಿ ಒಮ್ಮೆ, ಇಳಿವಿನಲ್ಲಿ ಒಮ್ಮೆ ದತ್ತಾಂಶ ಸಾಗುವುದು. ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಅಕ್ಷರಗಳ ಲೆಕ್ಕ, ಸಿ.ಪಿ.ಯು.-ಜ಼ೆಡ್ ತೋರಿಸುವುದು ಪೆಟ್ಟುಗಳ ಲೆಕ್ಕ. ೨೧೩೩ರ ಅರ್ಧವೇ ೧೦೬೬. ಹಾಗಾದರೆ ಎರಡು ತಂತ್ರಾಂಶಗಳೂ ಒಂದೇ ಮಾತನ್ನು ಹೇಳುತ್ತಿದ್ದುವು. ಉಳಿದ ಪ್ರಶ್ನೆಯೊಂದೇ: ೩೨೦೦ರ ಪಟ್ಟಿಯು ೨೧೩೩ರಲ್ಲಿ ನಡೆಯುತ್ತಿರುವುದೇಕೆ?

ವೇದವನ್ನು ಹೇಳಿಕೊಡುವವರು ಉಚ್ಚಾರಣೆಗೆ ದ್ರುತ, ಮಧ್ಯಮ, ವಿಲಂಬಿತ ಎಂದು ಮೂರು ವೃತ್ತಿಗಳನ್ನು ಹೇಳುವರು. ತನ್ನ ಅಭ್ಯಾಸಕ್ಕೆ ದ್ರುತ, ಪ್ರಯೋಗಕ್ಕೆ ಮಧ್ಯಮ, ಶಿಷ್ಯನಿಗೆ ಪಾಠ ಹೇಳುವಾಗ ವಿಲಂಬಿತ. ಹೊಸ ಶಿಷ್ಯನ ಶಕ್ತಿ ಎಷ್ಟೆಂದು ಗುರುವಿಗೆ ತಿಳಿಯದು. ಆದಕಾರಣ ಎಲ್ಲರೂ ಹಿಂಬಾಲಿಸಬಹುದಾದ ನಡೆಯಲ್ಲಿ ಅವನು ಆರಂಭಿಸುವನು. ಯಂತ್ರದ ಮೂಲಫಲಕವಾದ ಮದರ್‌ಬೋರ್ಡ್ ಮಾಡುವುದೂ ಇದನ್ನೇ. ಪ್ರತಿಯೊಂದು ಪಟ್ಟಿಯಲ್ಲಿಯೂ ಎಸ್.ಪಿ.ಡಿ. ಎಂಬ ಸಣ್ಣದೊಂದು ಚಿಪ್ ಇದ್ದು, ಅದರಲ್ಲಿ ಆ ಪಟ್ಟಿಯ ಜಾತಕ ಬರೆದಿರುವುದು. ಜೆಡೆಕ್ ಸಂಸ್ಥೆಯ ನಿಯಮದಂತೆ ಎಲ್ಲ ಫಲಕಗಳಿಗೂ ಒಪ್ಪುವ ಸಾಮಾನ್ಯ ವೇಗವು ಅದರಲ್ಲಿ ಮೊದಲು. ತಯಾರಕರು ಪರೀಕ್ಷಿಸಿ ಪೆಟ್ಟಿಗೆಯ ಮೇಲೆ ಅಚ್ಚಿಸಿದ ಹೆಚ್ಚಿನ ವೇಗವು ಆಮೇಲೆ. ಈ ಎರಡನೆಯ ಬರಹಕ್ಕೆ ಇಂಟೆಲ್ ಕಂಪನಿಯು ೨೦೦೭ರಲ್ಲಿ ಎಕ್ಸ್.ಎಂ.ಪಿ. ಎಂಬ ಹೆಸರನ್ನು ಕೊಟ್ಟಿತು, ಎ.ಎಂ.ಡಿ. ಕಂಪನಿಯು ೨೦೨೨ರಲ್ಲಿ ಡಿ.ಡಿ.ಆರ್.೫ ಪಟ್ಟಿಗಳಿಗಾಗಿ ಎಕ್ಸ್‌ಪೋ ಎಂಬುದನ್ನು ತಂದಿತು. ಒಡೆಯನು ಹೇಳುವ ತನಕ ಯಂತ್ರವು ಈ ಎರಡನೆಯ ಬರಹವನ್ನು ಓದಿ ನಡೆಯದು. ಹೇಳುವವರಿಲ್ಲದೆ ವರ್ಷಗಟ್ಟಲೆ ವಿಲಂಬಿತದಲ್ಲಿಯೇ ಉಳಿದ ಯಂತ್ರಗಳು ಜಯನಗರ, ಜೆ.ಪಿ. ನಗರಗಳ ಮನೆಗಳಲ್ಲಿಯೂ ಇಲ್ಲದಿರಲಾರವು.

ಆದರೆ ಪೆಟ್ಟಿಗೆಯ ಸಂಖ್ಯೆಯೊಂದನ್ನೇ ನೋಡಿ ತೀರ್ಪು ಕೊಡಬಾರದು. ಪಟ್ಟಿ, ಪ್ರೊಸೆಸರ್, ಮೂಲಫಲಕ ಈ ಮೂರರಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಮೆಯೋ ಅದೇ ಯಂತ್ರದ ಮಿತಿ. ಇಂಟೆಲ್ಲಿನ ಐ೫-೧೦೪೦೦ ಪ್ರೊಸೆಸರನ್ನು ಎಚ್೪೧೦ ಜಾತಿಯ ಫಲಕದಲ್ಲಿ ಕೂರಿಸಿದ್ದರೆ, ೩೨೦೦ರ ಪಟ್ಟಿಯೂ ೨೬೬೬ನ್ನು ಮೀರದು. ಅದು ಯಾರ ಮೋಸವೂ ಅಲ್ಲ. ಹಳೆಯ ಪಟ್ಟಿಯ ಜೊತೆಗೆ ಹೊಸದನ್ನು ಸೇರಿಸಿದರೆ ಎರಡೂ ನಿಧಾನವಾದುದರ ನಡೆಯನ್ನೇ ಹಿಡಿಯುವುವು. ನೆರೆಮನೆಯ ಪ್ರೊಸೆಸರಿಗೆ ತಯಾರಕರೇ ಹೇಳಿರುವ ಮಿತಿ ೩೨೦೦. ಆದುದರಿಂದ ಅಲ್ಲಿ ಅಡ್ಡಿಯಿರಲಿಲ್ಲ.

ಬೆಳಗ್ಗೆ ಬನಶಂಕರಿಯಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಅಂಗಡಿಗೆ ನಡೆದೆನು. ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಲು, ಅವನು ಅಂಜದೆ, “ಆ ಸೆಟ್ಟಿಂಗನ್ನು ನಾನು ಹಾಕಲಿಲ್ಲ, ಸಾರ್. ಹಾಕಿದ ಮೇಲೆ ಎಲ್ಲಿಯಾದರೂ ಯಂತ್ರ ನಿಂತರೆ ಗಿರಾಕಿಗಳು ಬಯ್ಯುತ್ತಾರೆ, ಹಾಕದಿದ್ದರೆ ಯಾರೂ ಕೇಳುವುದಿಲ್ಲ” ಎಂದನು. ಸಾಯಂಕಾಲ ಅಂಗಡಿಯಿಂದ ನೇರವಾಗಿ ನೆರೆಮನೆಗೆ ಬಂದನು. ಅವನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ವಾಚಕರೂ ತಮ್ಮ ಮನೆಯಲ್ಲಿ ಹೀಗೆಯೇ ಮಾಡಬಹುದು.

ಮೊದಲನೆಯದು ನೋಡುವುದು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಮೆಮೊರಿ ಎಂಬುದನ್ನು ಒತ್ತಿದರೆ, ಈಗಿನ ವೇಗವೂ ಎಷ್ಟು ಗೂಡುಗಳಲ್ಲಿ ಪಟ್ಟಿಗಳಿವೆಯೆಂಬುದೂ ಕಾಣುವುವು. ಲಿನಕ್ಸ್ ಬಳಸುವವರು ಡಿ.ಎಂ.ಐ.ಡಿಕೋಡ್ ಎಂಬ ಆಜ್ಞೆಯಿಂದ ಪಟ್ಟಿಯ ವೇಗವನ್ನೂ, ಯಂತ್ರವು ಅದಕ್ಕೆ ಗೊತ್ತುಮಾಡಿದ ವೇಗವನ್ನೂ ಬೇರೆಬೇರೆಯಾಗಿ ಕಾಣಬಹುದು.

ಎರಡನೆಯದು ಪಟ್ಟಿಗಳ ಸ್ಥಾನ. ಯಂತ್ರದ ಮಗ್ಗುಲನ್ನು ಬಿಚ್ಚಿ ನೋಡಿದರೆ, ನಾಲ್ಕು ಗೂಡುಗಳಲ್ಲಿ ಎರಡು ಪಟ್ಟಿಗಳೂ ಒತ್ತಾಗಿ ಮೊದಲನೆಯ ಮತ್ತು ಎರಡನೆಯ ಗೂಡುಗಳಲ್ಲಿ ಕುಳಿತಿದ್ದುವು. ಹುಡುಗನ ಮುಖ ಬಾಡಿತು. ಪ್ರೊಸೆಸರಿನಿಂದ ನೆನಪಿಗೆ ಎರಡು ದಾರಿಗಳುಂಟು. ನಾಲ್ಕು ಗೂಡುಗಳ ಫಲಕದಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಗೂಡುಗಳಲ್ಲಿಟ್ಟರೆ ಮಾತ್ರ ಎರಡು ದಾರಿಗಳಲ್ಲಿಯೂ ಸಂಚಾರ ನಡೆಯುವುದು. ಒತ್ತಾಗಿಟ್ಟರೆ ಎರಡಕ್ಕೂ ಒಂದೇ ದಾರಿ. ತಂತಿಯನ್ನು ಗೋಡೆಯಿಂದ ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಗಳನ್ನು ಅಂಚಿನಲ್ಲಿ ಹಿಡಿದು ಅವನು ಸ್ಥಾನ ಬದಲಿಸಿದನು. “ಇದು ಮಾತ್ರ ನನ್ನ ತಪ್ಪೇ” ಎಂದು ತಾನಾಗಿ ಒಪ್ಪಿಕೊಂಡನು.

ಮೂರನೆಯದು ವೇಗವನ್ನು ಗೊತ್ತುಮಾಡುವುದು. ಯಂತ್ರವನ್ನು ಹೊತ್ತಿಸಿದ ಕೂಡಲೆ ಡಿಲೀಟ್ ಕೀಲಿಯನ್ನು, ಕೆಲವು ಯಂತ್ರಗಳಲ್ಲಿ ಎಫ್೨ನ್ನು, ಮತ್ತೆಮತ್ತೆ ಒತ್ತಿದರೆ ಬಯೋಸ್ ಎಂಬ ಮೂಲ ವ್ಯವಸ್ಥೆಯ ಪುಟ ಬರುವುದು. ಅಲ್ಲಿ ಎಕ್ಸ್.ಎಂ.ಪಿ., ಎಕ್ಸ್‌ಪೋ ಅಥವಾ ಡಿ.ಒ.ಸಿ.ಪಿ. ಎಂಬ ಹೆಸರಿನಲ್ಲಿರುವ ಅಂಶವನ್ನು ಚಾಲನೆಗೊಳಿಸಿ, ಉಳಿಸಿ ಹೊರಬರಬೇಕು. ವೇಗ, ಕಾಲಮಾನ, ವೋಲ್ಟೇಜು ಮೂರೂ ಜಾತಕದಿಂದ ತಾವಾಗಿಯೇ ಬರುವುವು. ಡಿ.ಡಿ.ಆರ್.೪ ಪಟ್ಟಿಗೆ ಸಾಮಾನ್ಯವಾಗಿ ೧.೨ ವೋಲ್ಟು ಸಾಕು; ಎಕ್ಸ್.ಎಂ.ಪಿ.ಯಲ್ಲಿ ಬಹುಮಟ್ಟಿಗೆ ೧.೩೫ ವೋಲ್ಟು. ಇವುಗಳನ್ನು ಊಹೆಯಿಂದ ಕೈಯಾರೆ ಏರಿಸತಕ್ಕದ್ದಲ್ಲ. ಆಮೇಲೆ ಸ್ವಲ್ಪ ಹೊತ್ತು ತೆರೆ ಕಪ್ಪಾಗಿಯೇ ಇದ್ದರೆ ಗಾಬರಿಗೊಳ್ಳಬೇಡಿರಿ; ಯಂತ್ರವು ಹೊಸ ನಡೆಯನ್ನು ಅಭ್ಯಾಸಮಾಡುತ್ತಿರುವುದು. ಒಗ್ಗದಿದ್ದರೆ ಅನೇಕ ಫಲಕಗಳು ತಾವೇ ಹಳೆಯ ವೇಗಕ್ಕೆ ಹಿಂದಿರುಗುವುವು. ಅದೂ ಆಗದಿದ್ದರೆ ತಂತಿ ಕಿತ್ತು, ಫಲಕದ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಹಳೆಯ ಸ್ಥಿತಿ ಬರುವುದು.

ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ವೇಗವಾಗಿ ಒಪ್ಪಿಸಿ ಮಧ್ಯೆ ಒಂದಕ್ಷರ ನುಂಗುವ ಹುಡುಗನಿಗಿಂತ ಮೆಲ್ಲಗೆ ತಪ್ಪಿಲ್ಲದೆ ಒಪ್ಪಿಸುವವನು ಮೇಲು. ನೆನಪು ತಪ್ಪಿದರೆ ಯಂತ್ರವು ನಿಂತೇ ಹೋಗುವುದೆಂದಿಲ್ಲ. ಸದ್ದಿಲ್ಲದೆ ತಪ್ಪನ್ನೇ ಉಗ್ರಾಣದಲ್ಲಿ ಬರೆದಿಟ್ಟುಬಿಡಬಹುದು. ಯಾರದೋ ಮನೆಯ ಮದುವೆಯ ಚಿತ್ರ ಕೆಟ್ಟರೆ ಆ ಮುಹೂರ್ತವನ್ನು ಮತ್ತೆ ತರುವವರಾರು? ದೊಡ್ಡ ಸರ್ವರ್ ಯಂತ್ರಗಳಲ್ಲಿ ಇಂಥ ತಪ್ಪನ್ನು ಹಿಡಿದು ತಿದ್ದುವ ಇ.ಸಿ.ಸಿ. ಎಂಬ ವ್ಯವಸ್ಥೆಯುಂಟು, ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಆದಕಾರಣ ಮೆಮ್‌ಟೆಸ್ಟ್೮೬ ಎಂಬ ಪರೀಕ್ಷಕ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿಟ್ಟು, ರಾತ್ರಿಯೆಲ್ಲ ಓಡಿಸಿದೆವು. ಧರ್ಮಾರ್ಥವಾಗಿ ದೊರೆಯುವ ಆವೃತ್ತಿಯು ನಾಲ್ಕು ಸುತ್ತು ಪರೀಕ್ಷಿಸುವುದು. ಬೆಳಗ್ಗೆ ನೋಡಿದಾಗ ತಪ್ಪುಗಳ ಸಂಖ್ಯೆ ಸೊನ್ನೆ. ಒಂದೇ ಒಂದು ತಪ್ಪು ಕಂಡಿದ್ದರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ಪರೀಕ್ಷಿಸಬೇಕಾಗಿದ್ದಿತು. ಹಳೆಯ ವೇಗದಲ್ಲಿಯೂ ತಪ್ಪು ಬಂದರೆ ಪಟ್ಟಿಯೇ ಕೆಟ್ಟಿರಬಹುದೆಂದು ತಿಳಿದು ಅಂಗಡಿಗೆ ಒಯ್ಯತಕ್ಕದ್ದು.

ಈಗ ಲೆಕ್ಕವನ್ನು ಕೇಳಿರಿ. ಪ್ರತಿಯೊಂದು ಸಾಗಣೆಯಲ್ಲಿ ಎಂಟು ಬೈಟು. ೨೧೩೩ರಲ್ಲಿ ಒಂದೇ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು ೧೭ ಗಿಗಾಬೈಟು. ೩೨೦೦ರಲ್ಲಿ ಒಂದು ದಾರಿಗೆ ೨೫.೬, ಎರಡು ದಾರಿಗಳಿಗೆ ೫೧.೨. ಎಂದರೆ ಮೊದಲು ಸಿಕ್ಕುತ್ತಿದ್ದುದು ಸರಿಯಾಗಿ ಮೂರರಲ್ಲಿ ಒಂದು ಪಾಲು! ಗೃಹಸ್ಥರ ಉತ್ತರ ಸರಿ, ಮಾಡಿದ ಲೆಕ್ಕ ತಪ್ಪು. ಶಾಲೆಯಲ್ಲಿ ಇಂಥ ಹುಡುಗರಿಗೆ ಎಷ್ಟು ಅಂಕ ಕೊಡಬೇಕೆಂದು ನಾನು ಅನೇಕ ಸಲ ಒದ್ದಾಡಿದ್ದುಂಟು. ಹಾಗೆಂದು ಎಲ್ಲ ಕೆಲಸವೂ ಮೂರುಮಡಿ ಬೇಗನಾಯಿತೆಂದು ತಿಳಿಯಬಾರದು; ಚಿತ್ರವನ್ನು ಓಡಿಸಿ ನೋಡುವಾಗಿನ ತಡವರಿಕೆ ಬಹಳ ಕಡಮೆಯಾಯಿತೆಂದು ಮಗಳು ಹೇಳಿದಳು. ಕಾಗದಪತ್ರಗಳನ್ನು ಬರೆಯುವುದಕ್ಕೆ ಮಾತ್ರ ಯಂತ್ರವನ್ನಿಟ್ಟುಕೊಂಡವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಪಟ್ಟಿಯನ್ನು ಕದ್ದವರಿಲ್ಲ; ಕೆಟ್ಟ ಸರಕನ್ನು ಕೊಟ್ಟವರಿಲ್ಲ. ಅಲಕ್ಷ್ಯವಿದ್ದಿತು, ವಂಚನೆಯಿರಲಿಲ್ಲ. ಈ ಎರಡಕ್ಕೂ ಇರುವ ಅಂತರವನ್ನು ಒಂದು ರಾತ್ರಿ ತಾಳಿ ನೋಡದಿದ್ದರೆ ಒಬ್ಬ ಹುಡುಗನ ಅನ್ನ ಹೋಗುತ್ತಿದ್ದಿತು. ಗೃಹಸ್ಥರು ಅವನಿಗೆ ಊಟ ಮಾಡಿಸಿ ಕಳುಹಿಸಿದರು. ಇನ್ನು ಮೇಲೆ ಯಂತ್ರವನ್ನು ಕೊಡುವ ಮುನ್ನ ಗೂಡುಗಳನ್ನೂ ವೇಗವನ್ನೂ ಗಿರಾಕಿಯ ಎದುರಿನಲ್ಲಿಯೇ ತೋರಿಸಿ ಒಂದು ಚೀಟಿಯಲ್ಲಿ ಬರೆದುಕೊಡುವೆನೆಂದು ಅವನು ಮಾತುಕೊಟ್ಟನು. ನಾನೂ ಅವನನ್ನು ಒಂದು ರಾತ್ರಿ ಸಂಶಯಿಸಿದ್ದೆನೆಂಬುದನ್ನು ಅವನ ಮುಂದೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಈ ಸಂಚಿಕೆ ಅವನ ಕೈಗೆ ಸಿಕ್ಕಿದರೆ ಇಲ್ಲಿಯೇ ಓದಿಕೊಳ್ಳಲಿ.

ವಾಚಕರು ಬರುವ ಭಾನುವಾರ ತಮ್ಮ ಯಂತ್ರದ ಪೆಟ್ಟಿಗೆಯನ್ನೂ ತೆರೆಯನ್ನೂ ಒಮ್ಮೆ ಹೋಲಿಸಿ ನೋಡಲಿ. ಸಂಖ್ಯೆಗಳು ಬೇರೆಯಾಗಿ ಕಂಡರೆ, ಮೊದಲು ಎರಡರಿಂದ ಗುಣಿಸಲಿ. ಆಮೇಲೆ ಗೂಡನ್ನು ನೋಡಲಿ. ಆಮೇಲೆ ಬಯೋಸನ್ನು ನೋಡಲಿ. ಅಂಗಡಿಯವನ ಮೇಲೆ ಕೋಪಿಸಿಕೊಳ್ಳುವುದು ಇವೆಲ್ಲ ಮುಗಿದ ಮೇಲೆ.