ಹುಟ್ಟಿದ ತಿಂಗಳಿನ ಹರಳು, ಅಂಗಡಿಯವ್ರ ಪಂಚಾಂಗ

ಮಕ್ಕಳ ಹುಟ್ಟಿದಹಬ್ಬಕ್ಕ "ತಿಂಗಳ ಹರಳು" ಕೊಡಿಸೋ ಖಯಾಲಿ ಈಗ ನಮ್ಮ ಮನಿತನದೊಳಗೂ ಹೊಕ್ಕದ. ಅದರ ವಿರುದ್ಧನೇ ಬರೀಲಿಕ್ಕೆ ಕೂತೀನಿ, ಸಿಟ್ಟಾಗೋರು ಸಿಟ್ಟಾಗ್ರಿ.

ಪುರಾತನ ಪದ್ಧತಿ ಅಂತ ಹೇಳಿ ಮಾರ್ತಾರ. ಬೇರು ಹಳೇದು, ಖರೆ. ಯಹೂದಿಗಳ ಮಹಾಯಾಜಕನ ಎದೆಕವಚದಾಗ ಹನ್ನೆರಡು ಹರಳಿದ್ವು; ಒಂದನೇ ಶತಮಾನದ ಇತಿಹಾಸಕಾರ ಜೋಸೆಫಸ್ ಅವನ್ನ ಹನ್ನೆರಡು ತಿಂಗಳಿಗೆ ಹೋಲಿಸಿದ. ಆದ್ರ ಇವತ್ತು ಅಂಗಡಿ ಗ್ವಾಡಿಮ್ಯಾಲೆ ತೂಗೋ ಪಟ್ಟಿ ಅದಲ್ಲ. ಇದನ್ನ ಮಾಡಿದ್ದು 1912ರಾಗ, ಅಮೆರಿಕದ ಕಾನ್ಸಾಸ್ ಸಿಟಿಯೊಳಗ ಕೂಡಿದ ಆಭರಣ ವ್ಯಾಪಾರಿಗಳ ಸಂಘ. ಅಲ್ಲಿ ಋಷಿನೂ ಇರಲಿಲ್ಲ, ಪ್ರವಾದಿನೂ ಇರಲಿಲ್ಲ. 1952ರಾಗ ಮತ್ತ ತಿದ್ದಿ ಜೂನಿಗೆ ಅಲೆಕ್ಸಾಂಡ್ರೈಟ್, ನವೆಂಬರಿಗೆ ಸಿಟ್ರಿನ್ ಸೇರಿಸಿದ್ರು. 2002ರಾಗ ಡಿಸೆಂಬರಿಗೆ ತಾಂಜನೈಟ್ ಬಂತು. ಅದು ತಾಂಜಾನಿಯಾದಾಗ ಸಿಕ್ಕಿದ್ದೇ 1967ರಾಗ! ನಮ್ಮ ಅಕ್ಕ ಅದಕ್ಕಿಂತ ಮೊದಲಿನಾಕಿ. ಆಕಿ ಡಿಸೆಂಬರದಾಗ ಹುಟ್ಟಿದಾಗ ಆಕಿ "ಅದೃಷ್ಟದ ಹರಳಿಗೆ" ಹೆಸರೂ ಇರಲಿಲ್ಲ.

ಸಿಟ್ರಿನ್ನಿಂದು ಇನ್ನೂ ಮಜಾ ಅದ. ಪ್ಯಾಟಿಯೊಳಗ ಸಿಗೋ ಭಾಳಷ್ಟು ಸಿಟ್ರಿನ್ ಅಂದ್ರ ಕಾಯಿಸಿದ ಅಮೆಥಿಸ್ಟು. ಫೆಬ್ರವರಿ ಹರಳನ್ನ ಭಟ್ಟಿಯೊಳಗಿಟ್ರ ನವೆಂಬರ್ ಆಗಿ ಹೊರಗ ಬರ್ತದ. ಹಂಗಾದ್ರ ಅದರ ಶಕ್ತಿ ಯಾವ ಕಾವಿಗೆ ಪಕ್ಷ ಬದಲಿ ಮಾಡ್ತು, ಹೇಳ್ರಿ ನೋಡೋಣ?

ನಮ್ಮ ನವರತ್ನದ ಲೆಕ್ಕ ಬ್ಯಾರೆ. ಅಲ್ಲಿ ಗ್ರಹಕ್ಕ ಹರಳು, ತಿಂಗಳಿಗಲ್ಲ: ಸೂರ್ಯಗ ಮಾಣಿಕ್ಯ, ಚಂದ್ರಗ ಮುತ್ತು, ಶನಿಗೆ ನೀಲ. ಈ ನೀಲ ಧರಿಸಲಿಕ್ಕೆ ಮಂದಿ ಹೆದರಿ ಹತ್ತು ಸಲ ಕೇಳ್ತಾರ. ಅದೇ ನೀಲ ಆ ಇನ್ನೊಂದು ಪಟ್ಟಿಯೊಳಗ ಸೆಪ್ಟೆಂಬರ್ ಕೂಸಿಗೆ ಬಿನ್‌ಧಾಸ್ತ ಉಡುಗೊರೆ! ಅಂಗಡಿಯವ ಎರಡೂ ಪಟ್ಟಿ ಇಟ್ಟುಕೊಂಡಿರ್ತಾನ, ಗಿರಾಕಿ ಮಾರಿ ನೋಡಿ ಒಂದನ್ನ ತಗೀತಾನ. ಇನ್ನ ಮಾಣಿಕ್ಯ, ನೀಲ ಎರಡೂ ಕುರಂದ ಅನ್ನೋ ಒಂದೇ ಖನಿಜ. ಒಂಚೂರು ಕ್ರೋಮಿಯಂ ಬೆರೆತ್ರ ಕೆಂಪು, ಕಬ್ಬಿಣ-ಟೈಟಾನಿಯಂ ಬೆರೆತ್ರ ನೀಲಿ.

ಹರಳೇ ಬ್ಯಾಡ ಅನ್ನೋದಿಲ್ಲ. ನಮ್ಮವ್ವನ ಹವಳದ ಸರ ನನಗೂ ಜೀವ. ಛಂದ ಕಾಣ್ತದ ಅಂತ ಹಾಕ್ಕೋತೀನಿ, ಅಷ್ಟ. ನೀವೂ ಹಂಗ ತಗೋರಿ. ಆದ್ರ ಮೊದಲು ಕೇಳ್ರಿ: ಇದನ್ನ ಕಾಯಿಸ್ಯಾರೇನು? ಬಿಲ್ಲಿನ್ಯಾಗ ಬರದು ಕೊಡ್ತೀರೇನು? ನಾಳೆ ವಾಪಸ್ ತಂದ್ರ ಎಷ್ಟು ಕೊಡ್ತೀರಿ?

ನಮ್ಮ ಓಣಿಯ ಒಬ್ಬಾಕಿ ಇದನ್ನೆಲ್ಲಾ ಕೇಳಲಿಲ್ಲ, ಯಾರೂ ಹೇಳಿಕೊಟ್ಟೂ ಇರಲಿಲ್ಲ. ಮಗಳ ಪಿಯುಸಿ ಫೀಗೆ ತೆಗೆದಿಟ್ಟ ರೊಕ್ಕದಾಗ, "ಓದಿನಾಗ ಮನಸ್ಸು ನಿಲ್ತದ" ಅಂದ್ರಂತ ಉಂಗುರ ಮಾಡಿಸಿದ್ಲು. ತಿರುಗಿ ಒಯ್ದ್ರ ಬಂಗಾರದ ತೂಕಕ್ಕಷ್ಟ ಬೆಲಿ, ಹರಳಿಗೆ ಸೊನ್ನಿ ಅಂದ್ರು. ಫೀ ಕಟ್ಟೋ ಕಡೀ ದಿನ ಇದೇ ಇಪ್ಪತ್ತಕ್ಕ. ನಾವು ನಾಲ್ಕು ಮನಿಯವ್ರು ಕೂಡಿ ಪಟ್ಟಿ ಎತ್ತಲಿಕ್ಕೆ ಹತ್ತೇವಿ.