ಚೊಗರಿನ ಬಣ್ಣ

ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಗುಲಿದರೆ ಎಷ್ಟು ಒಗೆದರೂ ಹೋಗದೆಂಬುದನ್ನು ಅಗಳಿ ಸುತ್ತಿನ ತೋಟದ ಮನೆಯವರೆಲ್ಲ ಬಲ್ಲರು. ನಾವು ಕರೆಯೆಂದು ಬೈಯುವ ಇದೇ ಚೊಗರಿನಿಂದ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ‘ಚರಕ’ ಸಂಸ್ಥೆಯ ಮಹಿಳೆಯರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಿ ಜೀವನಕ್ಕೆ ದಾರಿ ಮಾಡಿಕೊಂಡರು.

ಈ ವಿದ್ಯೆಯನ್ನು ನಮ್ಮ ಪ್ರೌಢಶಾಲೆಗಳಲ್ಲಿ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ. “ಮಕ್ಕಳನ್ನು ಓದಲು ಕಳಿಸಿದ್ದೇವೆ, ಬಟ್ಟೆ ಅದ್ದಲು ಅಲ್ಲ” ಎಂದು ಪೋಷಕರು ಹೇಳಬಹುದು. ಇದೂ ಓದೇ. ಅರಿಶಿನದ ಬಟ್ಟೆ ಸೋಪು ತಾಗಿದೊಡನೆ ಕೆಂಪಾಗುವುದೇಕೆ? ಬಿಸಿಲಿಗೆ ಬೇಗ ಮಾಸುವುದೇಕೆ? ಹತ್ತಿ ಬಟ್ಟೆಯನ್ನು ಗಂಜಿ ಹೋಗುವಂತೆ ಕುದಿಸಿ, ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಪಟಿಕದ ನೀರಿನಲ್ಲಿ ಅದ್ದಿದರೆ ಮಾತ್ರ ಮಂಜಿಷ್ಠದ ಕೆಂಪು ನೂಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದಕ್ಕಿಂತ ಬೆರಗಿನದು ಕಪ್ಪು. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಹುಳಿಯಲು ಬಿಟ್ಟು, ಆ ನೀರಿನಿಂದ ಅಳಲೆಯಲ್ಲಿ ನೆನೆಸಿ ಒಣಗಿಸಿದ ಬಟ್ಟೆಯ ಮೇಲೆ ಗೆರೆ ಎಳೆದರೆ ಕಣ್ಣೆದುರೇ ಕಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯ ಕರಿಗೆರೆ ಇದೇ. ಕಬ್ಬಿಣವೂ ಟ್ಯಾನಿನ್ನೂ ಕೂಡಿದರೆ ಏನಾಗುವುದೆಂದು ಕರಿಹಲಗೆಯ ಮೇಲೆ ಬರೆದುಕೊಂಡವನಿಗಿಂತ ಬೆರಳು ಕಪ್ಪಾದ ಹುಡುಗಿ ಚೆನ್ನಾಗಿ ಹೇಳಬಲ್ಲಳು.

ಗಿಡದ ಬಣ್ಣವೆಂದರೆ ಎಲ್ಲವೂ ನಿರಪಾಯವೆಂದು ನಂಬುವುದು ಬೇಡ. ಕೆಲವರು ಬೆರೆಸುವ ಮೈಲುತುತ್ತ ವಿಷವೇ ಸರಿ. ಅದು ಶಾಲೆಗೆ ಬರಬಾರದು. ಅಡುಗೆಯ ಪಾತ್ರೆಯನ್ನೂ ಇದಕ್ಕೆ ಬಳಸಬಾರದು. ನೀರೂ ಬಹಳ ಬೇಕು, ನಮ್ಮದೋ ಬರದ ಸೀಮೆ! ಆದುದರಿಂದ ಸೀರೆ, ಪಂಚೆಗಳ ಆಸೆ ಬಿಟ್ಟು ಕರವಸ್ತ್ರದಿಂದ ತೊಡಗಬಹುದು. ಅಡಿಕೆ ಬೇಯಿಸುವ ಕಾಲದಲ್ಲಿ ತೋಟದ ಮನೆಯವರು ಶಾಲೆಗೆ ಒಂದು ಬಿಂದಿಗೆ ಚೊಗರನ್ನು ಕಳಿಸಿಕೊಟ್ಟರೆ ಮುಂದಿನ ವರ್ಷವೇ ಆರಂಭಿಸಬಹುದು.